ವಿಲ್ಚಾಕನ ಗೇಟಿನ ಮುಂದೆ ಒಡೆದ ತಟ್ಟೆಗಳು

ಮರುದಿನ ದೊಡ್ಡ ಮಗಳ ಮದುವೆ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಇಂಥ ಹೊತ್ತಿನಲ್ಲಿ ಹೆಂಡತಿಯ ಮುಂದೆ ಮತ್ತೆ ಮನೆ ಮಾರುವ ಮಾತು ತೆಗೆಯಬೇಕಾದರೆ ಮನುಷ್ಯನಿಗೆ ಒಂದೋ ಧೈರ್ಯ ಇರಬೇಕು, ಇಲ್ಲ ಬುದ್ಧಿ ಇರಬಾರದು. ಝೆನೊನ್ ವಿಲ್ಚಾಕನಿಗೆ ಧೈರ್ಯ ಅಷ್ಟಕ್ಕಷ್ಟೆ.

"ಸೋಮವಾರ ವಾಲ್ದೆಕ್ ಮನೆ ನೋಡೋಕೆ ಬರ್ತಾನೆ," ಎಂದ. ವಾಲ್ದೆಕ್ ಅವನ ಚಿಕ್ಕಪ್ಪನ ಮಗ. "ಅವನು ಒಪ್ಪಿದ್ರೆ ಚಳಿ ಶುರುವಾಗೋಕೆ ಮುಂಚೆ ನಾವು ವಾಪಸ್ ಶ್ಚೆಚಿನ್‌ಗೆ."

ಬೊಝೆನಾ ಎಲೆಕೋಸು ಮಾಂಸದ ದೊಡ್ಡ ಪಾತ್ರೆಯೊಳಗೆ ಸೌಟು ಆಡಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ನೀನು ಹೋಗು. ನಾನೂ ಚಿಕ್ಕೋಳು ಕಲಿನಾನೂ ಇಲ್ಲೇ ಇರ್ತೀವಿ. ವಾಲ್ದೆಕ್‌ಗೆ ಅಡುಗೆ ಮಾಡಿ ಹಾಕ್ತೀನಿ, ಅವನಾದ್ರೂ ತಿಂದು ಚೆನ್ನಾಗಿದೆ ಅಂತಾನೆ."

ಶ್ಚೆಚಿನ್‌ನಿಂದ ಗಡಿ ದಾಟಿ ಅರ್ಧ ಗಂಟೆ ಕಾರು ಓಡಿಸಿದರೆ ಲಿಂಡೆನ್‌ಹಾಗೆನ್. ಪೋಲೆಂಡಿನ ನಗರದಲ್ಲಿ ಎರಡು ಕೋಣೆ ಸಿಗುವ ಬೆಲೆಗೆ ಈ ಜರ್ಮನ್ ಹಳ್ಳಿಯಲ್ಲಿ ಹಿತ್ತಲು, ಕೊಟ್ಟಿಗೆ, ಸೇಬಿನ ಮರಗಳ ಸಮೇತ ಮನೆ ಸಿಕ್ಕಿತ್ತು. ಮೂರು ವರ್ಷದ ಹಿಂದೆ ಬಂದಾಗ ಝೆನೊನನೇ ಎಲ್ಲರಿಗಿಂತ ಹೆಚ್ಚು ಕುಣಿದಾಡಿದ್ದ. ಈಗ ಅವನದೇ ಹಟ, ವಾಪಸ್ ಹೋಗಬೇಕೆಂದು. ಕಾರಣ ಕೇಳಿದರೆ ಒಂದೇ ಮಾತು: ಈ ಜನಕ್ಕೆ ನಾವು ಬೇಕಾಗಿಲ್ಲ.

ಬಂದ ಮೊದಲ ಭಾನುವಾರವೇ ಶುರು. ಝೆನೊನ್ ನೆಲಕ್ಕೆ ಟೈಲ್ಸ್ ಕೂರಿಸುವವನು, ಸುಮ್ಮನೆ ಕೂತರೆ ಅವನ ಕೈ ತುರಿಸುತ್ತದೆ. ಪೂಜೆ ಮುಗಿಸಿ ಚರ್ಚಿನಿಂದ ಬಂದವನು ಬಚ್ಚಲಮನೆಯ ಗೋಡೆಗೆ ಡ್ರಿಲ್ ಇಟ್ಟ. ಐದು ನಿಮಿಷದೊಳಗೆ ಪಕ್ಕದ ಮನೆಯ ಡೆಟ್‌ಲೆಫ್ ಕ್ರೂಗರ್ ಗೇಟಿನ ಹತ್ತಿರ ನಿಂತಿದ್ದ. ನಿವೃತ್ತ ರೈಲ್ವೆ ನೌಕರ, ಬಿದಿರಿನ ಹಾಗೆ ಉದ್ದ. ಮಾತಿಲ್ಲ, ಕತೆಯಿಲ್ಲ. ತನ್ನ ಕೈಗಡಿಯಾರವನ್ನು ಬೆರಳಿನಿಂದ ಎರಡು ಸಲ ಕುಟ್ಟಿ ತೋರಿಸಿ ಹೊರಟುಹೋದ. "ಭಾನುವಾರ ಮಧ್ಯಾಹ್ನ ಇವರಿಗೆ ಸೊಳ್ಳೆ ಗುಂಯ್ ಅನ್ನಬೇಕಾದ್ರೂ ಅನುಮತಿ ಬೇಕು," ಎಂದು ಝೆನೊನ್ ಶ್ಚೆಚಿನ್‌ನ ಗೆಳೆಯರ ಮುಂದೆ ವರ್ಷವಿಡೀ ಆಡಿಕೊಂಡ. ಊರಿನಲ್ಲಿ ಯಾರದೋ ಸೈಕಲ್ ಕಳೆದಾಗ ಆ ಡೆಟ್‌ಲೆಫ್ ನಮ್ಮ ಕೊಟ್ಟಿಗೆ ಕಡೆ ನೋಡಿದ ಎಂದು ಝೆನೊನ್ ಆಣೆ ಮಾಡಿ ಹೇಳುತ್ತಾನೆ. ಸೈಕಲ್ ಬಿಯರ್ ಅಂಗಡಿಯ ಹಿಂದೆ ಸಿಕ್ಕಿತು; ಆದರೆ ಆ ನೋಟ ಮಾತ್ರ ಝೆನೊನನ ಹೊಟ್ಟೆಯೊಳಗೆ ಹಾಗೇ ಉಳಿಯಿತು. ಪೋಲೆಂಡಿನವನು ಅಂದರೆ ಕಳ್ಳ, ಅಷ್ಟೇ ತಾನೆ ಇವರ ಲೆಕ್ಕ?

ಅವನೂ ಸುಮ್ಮನಿರಲಿಲ್ಲ. ಆಳೆತ್ತರದ ಬೇಲಿ ಹಾಕಿಸಿದ, ಕಬ್ಬಿಣದ ಗೇಟು ಇಟ್ಟ. ದಾರಿಯಲ್ಲಿ ಯಾರಾದರೂ ಸಿಕ್ಕರೆ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದ. ಅವನಿಗೆ ಬರುವ ಜರ್ಮನ್ ಭಾಷೆ ಹತ್ತು ಮಾತು. ಅದರಲ್ಲಿ ಆರು ಸಿಮೆಂಟಿಗೆ ಸಂಬಂಧಪಟ್ಟಿದ್ದು. ಮಗಳ ಮದುವೆಗೂ ಊರಿನವರನ್ನು ಕರೆಯಲಿಲ್ಲ. ಮದುವೆ ಶ್ಚೆಚಿನ್‌ನಲ್ಲಿ, ಗಂಡು ಮಿರೊನ್ ಶ್ಚೆಚಿನ್‌ನವನು, ಬರುವವರೆಲ್ಲ ತನ್ನವರು. ಇವರಿಗೇನು ಕೆಲಸ ಅಲ್ಲಿ, ತಟ್ಟೆಗೆ ಎಷ್ಟು ಆಲೂಗಡ್ಡೆ ಬಿತ್ತು ಅಂತ ಎಣಿಸೋಕಾ?

ಸಂಜೆ ಆರು ದಾಟಿತ್ತು, ಆಗಸ್ಟ್ ತಿಂಗಳ ಬಿಸಿಲು ಇನ್ನೂ ಸೇಬಿನ ಮರದ ಮೇಲಿತ್ತು. ಮದುಮಗಳು ಯಾಗೊದಾ ಕೂದಲು ಗುಂಗುರಾಗಲೆಂದು ತಲೆ ತುಂಬ ಸುರುಳಿ ಕಟ್ಟಿಕೊಂಡು ಕನ್ನಡಿ ಮುಂದೆ ಕೂತಿದ್ದಳು. ಮಿರೊನ್ ಕೊಟ್ಟಿಗೆಯಿಂದ ವೋಡ್ಕಾ ಪೆಟ್ಟಿಗೆಗಳನ್ನು ಕಾರಿಗೆ ಹೊರುತ್ತಿದ್ದ. ಆಗ ಗೇಟಿನ ಹೊರಗೆ ಢಣಾರ್ ಎಂದು ಏನೋ ಒಡೆಯಿತು. ಹಿಂದೆಯೇ ಇನ್ನೊಂದು. ಆಮೇಲೆ ಒಂದರ ಮೇಲೊಂದು.

ಝೆನೊನ್ ಕಿಟಕಿಯ ಪರದೆ ಸರಿಸಿದ. ಊರಿಗೆ ಊರೇ ಗೇಟಿನ ಮುಂದೆ. ಇಪ್ಪತ್ತು, ಮೂವತ್ತು ಜನ, ಎಲ್ಲ ತಲೆ ನರೆತವರು. ಕೈಗಾಡಿಗಳಲ್ಲಿ ತಟ್ಟೆ, ಬಟ್ಟಲು, ಹೂಕುಂಡ, ಹಳೆಯ ಟೈಲ್ಸ್. ಎತ್ತಿ ಎತ್ತಿ ಅವನ ಗೇಟಿನ ಬುಡಕ್ಕೆ ಒಗೆಯುತ್ತಿದ್ದಾರೆ. ಎಲ್ಲರ ಮುಂದೆ ಡೆಟ್‌ಲೆಫ್, ಅಂಗಿಯ ತೋಳು ಮಡಚಿಕೊಂಡು, ಒಂದು ಹಳೆಯ ಕಕ್ಕಸಿನ ಪಿಂಗಾಣಿಯನ್ನು ತಲೆಯ ಮೇಲೆತ್ತಿ ಹಿಡಿದಿದ್ದ.

"ನೋಡಿದ್ಯಾ," ಎಂದ ಝೆನೊನ್. "ನೋಡಿದ್ಯಾ ಬೊಝೆನಾ, ನಾನೇನು ಹೇಳಿದ್ದೆ. ಮಗಳ ಮದುವೆ ಹಿಂದಿನ ದಿನ ಬಂದಿದಾರೆ, ಊರು ಬಿಡಿಸೋಕೆ."

ಬೊಝೆನಾ ಕಿಟಕಿಗೆ ಬಂದು ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿದ್ದು ಕಂಡಾಗ ಝೆನೊನನಿಗೆ ಪಿತ್ತ ನೆತ್ತಿಗೇರಿತು. ತಾನು ಹೇಳಿದ್ದು ನಿಜವಾಯಿತೆಂಬ ಸಮಾಧಾನ ಒಂದಿಷ್ಟೂ ಆಗಲಿಲ್ಲ. ಬದಲಿಗೆ ಯಾರೋ ಎದೆಗೇ ಒದ್ದಷ್ಟು ನೋವಾಯಿತು. ಅಷ್ಟು ನೋವಾಗಬೇಕಾದರೆ ಈ ಊರಿನ ಮೇಲೆ ಎಷ್ಟು ಆಸೆ ಇಟ್ಟಿದ್ದನೋ ಏನೋ, ಅವನಿಗೇ ಗೊತ್ತಿರಲಿಲ್ಲ.

ಕೊಟ್ಟಿಗೆಗೆ ನುಗ್ಗಿ ಸಲಿಕೆ ಎತ್ತಿಕೊಂಡ. "ಕಲಿನಾ, ಬಾ ಇಲ್ಲಿ," ಎಂದು ಕಿರಿಯ ಮಗಳನ್ನು ಕರೆದ. ಹದಿನಾರರ ಕಲಿನಾ ಇಲ್ಲಿನ ಶಾಲೆಗೆ ಹೋಗುವವಳು, ಮನೆಯಲ್ಲಿ ಜರ್ಮನ್ ನೆಟ್ಟಗೆ ಬರುತ್ತಿದ್ದದ್ದು ಅವಳೊಬ್ಬಳಿಗೇ. ಝೆನೊನ್ ಗೇಟನ್ನು ಧಡಾರನೆ ತೆರೆದು, ಸಲಿಕೆಯನ್ನು ಎರಡು ಕೈಯಲ್ಲಿ ಹಿಡಿದು ರಸ್ತೆಗಿಳಿದ.

ಅವನ ಕೈಯ ಸಲಿಕೆ ಕಂಡದ್ದೇ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಝೆನೊನ್ ತಬ್ಬಿಬ್ಬಾದ. ಹೊಡೆಯಲು ಬಂದವನಿಗೆ ಚಪ್ಪಾಳೆ ತಟ್ಟುವ ಜನವನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಏನಂತ ಹೇಳ್ಲಿ ಅಪ್ಪ?"

"ಕಳ್ಳ ನನ್ಮಕ್ಳಾ, ಒಬ್ಬೊಬ್ಬರನ್ನೂ ಕೋರ್ಟಿಗೆ ಎಳೀತೀನಿ ಅನ್ನು. ಹಾಗೇ ಅನ್ನು."

ಕಲಿನಾ ಗಂಟಲು ಸರಿಮಾಡಿಕೊಂಡು ಜರ್ಮನ್‌ನಲ್ಲಿ, "ನಮಸ್ಕಾರ. ಯಾಕೆ ಒಡೀತಿದೀರಿ ಅಂತ ನಮ್ಮಪ್ಪ ಕೇಳ್ತಿದಾರೆ," ಎಂದಳು.

ಡೆಟ್‌ಲೆಫ್ ಪಿಂಗಾಣಿಯನ್ನು ಮೆಲ್ಲಗೆ ಕೆಳಗಿಳಿಸಿದ. "ಯಾಕೆ ಅಂದ್ರೆ? ನಾಳೆ ಹುಡುಗಿ ಮದುವೆ ಅಲ್ವಾ? ಹಿಂದಿನ ಸಂಜೆ ಮದುಮಗಳ ಬಾಗಿಲಲ್ಲಿ ತಾನೆ ಒಡೆಯೋದು? ಶಬ್ದಕ್ಕೆ ಕೆಟ್ಟದ್ದೆಲ್ಲ ಓಡಿಹೋಗುತ್ತೆ. ಗಂಡು ಹೆಣ್ಣು ಸೇರಿ ಚೂರು ಗುಡಿಸ್ತಾರೆ, ಅವರಿಗೆ ಒಳ್ಳೇದಾಗುತ್ತೆ. ನಿಮ್ಮ ಕಡೆಯವರಿಗೂ ಗೊತ್ತಲ್ಲ ಇದು. ನೋಡು, ನಿಮ್ಮಪ್ಪ ಸಲಿಕೆನೂ ತಂದಿದಾರೆ."

ಕಲಿನಾ ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಗೇಟು ಹಿಡಿದುಕೊಂಡಳು. ಝೆನೊನ್ ತನ್ನ ಕೈಯಲ್ಲಿದ್ದ ಸಲಿಕೆಯನ್ನು ನೋಡಿದ, ಜನರನ್ನು ನೋಡಿದ. ಮುಖ ಪೆಚ್ಚಾಯಿತು. ಆದರೂ ಒಮ್ಮೆಗೇ ಸೋಲಲು ಅವನೇನು ಹಸುಗೂಸೇ?

"ಅದು ನಮ್ಮ ದೇಶದಲ್ಲಿ ಪೊಜ್ನಾನ್ ಕಡೆಯವರ ಪದ್ಧತಿ," ಎಂದು ಗೊಣಗಿದ. "ಅವರು ಅರ್ಧ ಜರ್ಮನ್ನರೇ, ಬೆಂಕಿಕಡ್ಡಿನೂ ಎರಡು ಸೀಳಿ ಬಳಸ್ತಾರೆ. ನಮ್ಮಜ್ಜ ಬಂದದ್ದು ಪೂರ್ವದಿಂದ. ನಮ್ಮಲ್ಲಿ ಇಲ್ಲ ಇದು. ಮತ್ತೆ ಇವರನ್ನ ಯಾರು ಕರೆದ್ರು ಅಂತ ಕೇಳು."

ಕಲಿನಾ ಕೇಳಿದಳು. ಉತ್ತರ ಕೊಟ್ಟವಳು ಹನ್ನೆಲೋರೆ, ಊರ ಬಸ್ ನಿಲ್ದಾಣದ ಎದುರಿನ ಮನೆಯ ಗುಂಡು ಮುಖದ ವಿಧವೆ. "ಇದಕ್ಕೆ ಯಾರೂ ಯಾರನ್ನೂ ಕರೆಯಲ್ಲ ಕಣಮ್ಮ. ಊರಿನ ಹುಡುಗಿ ಮದುವೆ ಅಂದ್ರೆ ಬರೋದೇ."

ಕಲಿನಾ ಹೇಳಿದಳು. ಝೆನೊನ್ ಸಲಿಕೆಯನ್ನು ನೆಲಕ್ಕೆ ಊರಿದ.

"ಏನಂದ್ಲು? ಇನ್ನೊಂದ್ಸಲ ಹೇಳು."

"ಊರಿನ ಹುಡುಗಿ ಅಂದ್ರು ಅಪ್ಪ. ನಮ್ಮ ಯಾಗೊದಾನ."

ಝೆನೊನ್ ಮೂಗು ಒರೆಸಿಕೊಂಡ. ಧೂಳು ಎಂದು ಹೇಳಿದ. ಆಮೇಲೆ ಅವನ ಕಣ್ಣು ಚೂರುಗಳ ಮೇಲೆ ಬಿತ್ತು. ಬಗ್ಗಿ ಒಂದು ಟೈಲ್ಸಿನ ತುಂಡು ಎತ್ತಿ ಬೆರಳಿನಿಂದ ಒರೆಸಿದ. "ಎಂಥಾ ಮಾಲು ಒಡೆದಿದಾರೆ ನೋಡು. ಈಗ ಇಂಥದ್ದು ಎಲ್ಲಿ ಸಿಗುತ್ತೆ?" ಎಂದವನು ಸಲಿಕೆಯನ್ನು ಡೆಟ್‌ಲೆಫನ ಕೈಗೆ ತುರುಕಿ ಕೊಟ್ಟಿಗೆಗೆ ಓಡಿದ. ಟೈಲ್ಸ್ ಕೂರಿಸುವವನ ಕೊಟ್ಟಿಗೆ ಅಂದರೆ ಕೇಳಬೇಕೆ? ಹತ್ತೂರಿನ ಬಚ್ಚಲಮನೆಗಳಲ್ಲಿ ಉಳಿದ ಅರ್ಧರ್ಧ ಪೆಟ್ಟಿಗೆ, ಬಿರುಕು ಬಿಟ್ಟ ಎರಡು ಬೇಸಿನ್. ಕೈಗಾಡಿ ತುಂಬಿಸಿ ತಂದ. ಮೊದಲ ಬೇಸಿನ್ನನ್ನು ತಾನೇ ಎತ್ತಿ, ಮೂರು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ನೆಲಕ್ಕೆ ಅಪ್ಪಳಿಸಿದ. ಅದರ ಶಬ್ದಕ್ಕೆ ಜನ ಹುಚ್ಚೆದ್ದು ಕೂಗಿದರು. ಡೆಟ್‌ಲೆಫ್ ಕೈಗಡಿಯಾರ ನೋಡಲಿಲ್ಲ.

ಮಿರೊನ್‌ಗೂ ಉಮೇದು ಬಂದು ಖಾಲಿ ಬಾಟಲಿ ಎತ್ತಿದಾಗ ಮುದುಕಿಯರೆಲ್ಲ ಒಟ್ಟಿಗೆ ಅವನ ಕೈ ಹಿಡಿದರು. ಗಾಜು ಕೂಡದಂತೆ, ಅಪಶಕುನವಂತೆ. ತಲೆಯ ಸುರುಳಿಗಳ ಸಮೇತ ಯಾಗೊದಾಳನ್ನು ಎಳೆದು ತಂದು ಅವಳ ಕೈಗೆ ಪೊರಕೆ, ಮಿರೊನನ ಕೈಗೆ ಸಲಿಕೆ ಕೊಟ್ಟರು. ಅವರು ಒಂದು ಮೂಲೆ ಗುಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆಗೆ ಯಾರಾದರೂ ಬಟ್ಟಲು ಒಗೆಯುತ್ತಿದ್ದರು. "ನಾಳೆಯಿಂದ ಇದೇ ಸಂಸಾರ," ಎಂದು ಹನ್ನೆಲೋರೆ ನಕ್ಕಳು. ಯಾಗೊದಾ ಬೆವರಿಳಿಸಿಕೊಂಡು ನಗುತ್ತಿದ್ದಳು.

ಇತ್ತ ಬೊಝೆನಾ ತಲೆ ಮೇಲೆ ಕೈ ಹೊತ್ತಳು. ಮೂವತ್ತು ಜನ ಅಂಗಳಕ್ಕೆ ಬಂದಿದ್ದಾರೆ, ಬಾಯಿಗೇನು ಹಾಕುವುದು? ಆದರೆ ಅವಳೇನು ಸಾಮಾನ್ಯಳೇ? ಮದುವೆಯ ಮರುದಿನದ ಊಟಕ್ಕೆಂದು ಮಾಡಿಟ್ಟಿದ್ದ ಎಲೆಕೋಸು ಮಾಂಸದ ಪಾತ್ರೆಯನ್ನೇ ಹೊರಗೆ ಹೊರಿಸಿದಳು. ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಬಂತು, ಗಸಗಸೆ ಕೇಕ್ ಬಂತು. ಹನ್ನೆಲೋರೆ ಸಾಕು ಎಂದಳು. ಜರ್ಮನ್ನರು ಸಾಕು ಎಂದರೆ ಸಾಕು ಎಂದೇ ಅರ್ಥ. ಬೊಝೆನಾಳ ಮನೆಯಲ್ಲಿ ಮೊದಲ ಸಲದ ಸಾಕಿಗೆ ಬೆಲೆಯಿಲ್ಲ. ಎರಡು ಸೌಟು ಬಿತ್ತು. ಎರಡನೆಯ ಸಲ ಸಾಕು ಎಂದಳು, ಇನ್ನೆರಡು ಸೌಟು ಬಿತ್ತು. ಮೂರನೆಯ ಸಲ ಹನ್ನೆಲೋರೆ ತಟ್ಟೆಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಳು.

ಝೆನೊನ್ ಇಬ್ಬರಿಗೂ ವೋಡ್ಕಾ ಸುರಿದು ಡೆಟ್‌ಲೆಫನ ಪಕ್ಕ ಕೂತ. ನಡುವೆ ಕಲಿನಾ.

"ಮೂರು ವರ್ಷ ಒಂದು ಮಾತಾಡಲಿಲ್ಲ ಇವನು. ಯಾಕೆ ಅಂತ ಕೇಳು."

ಡೆಟ್‌ಲೆಫ್ ನಿಧಾನವಾಗಿ ಉತ್ತರಿಸಿದ. "ಅಷ್ಟೆತ್ತರದ ಬೇಲಿ ಹಾಕಿದ್ರಲ್ಲ, ನಮ್ಮ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡ್ವಿ. ಪೋಲೆಂಡಿನವರು ತುಂಬ ಬಿಗುಮಾನದವರು ಅಂತ ನಮ್ಮಮ್ಮ ಹೇಳ್ತಿದ್ಲು. ನಾವು ಮುದುಕರು, ನಮ್ಮ ಹತ್ರ ನಿಮಗೇನು ಮಾತು?"

"ಸೈಕಲ್ ಕಳೆದಾಗ ನನ್ನ ಕೊಟ್ಟಿಗೆ ನೋಡಿದ್ನಲ್ಲ?"

ಅದನ್ನು ಕೇಳಿ ಡೆಟ್‌ಲೆಫನ ಕಿವಿ ಕೆಂಪಾಯಿತು. "ನೋಡಿದ್ದೆ," ಎಂದ. "ನಾಚಿಕೆ ಆಗುತ್ತೆ ಹೇಳೋಕೆ. ನೋಡಿದ್ದೆ."

ಇಲ್ಲ ಎಂದಿದ್ದರೆ ಝೆನೊನ್ ನಂಬುತ್ತಿರಲಿಲ್ಲ. ನೋಡಿದ್ದೆ ಎಂದವನ ಗ್ಲಾಸಿಗೆ ಇನ್ನೊಂದಿಷ್ಟು ವೋಡ್ಕಾ ಸುರಿದ. "ನಾನೂ ಕಮ್ಮಿ ಇಲ್ಲ ಅನ್ನು," ಎಂದ ಮಗಳಿಗೆ. "ಮದುವೆಗೆ ಕರೆದ್ರೆ ಆಲೂಗಡ್ಡೆ ಎಣಿಸ್ತಾರೆ ಅಂದಿದ್ದೆ." ಡೆಟ್‌ಲೆಫ್ ತನ್ನ ತಟ್ಟೆ ನೋಡಿಕೊಂಡು, ಬೊಝೆನಾ ಬಡಿಸಿದ್ದನ್ನು ಎಣಿಸೋಕೆ ತನಗೆ ಅಷ್ಟು ಗಣಿತ ಬರೋದಿಲ್ಲ ಎಂದ. ಇಬ್ಬರೂ ಗ್ಲಾಸು ಖಾಲಿ ಮಾಡಿದರು.

"ಆದ್ರೂ ಇಷ್ಟೊಂದು ತಟ್ಟೆ," ಎಂದ ಝೆನೊನ್. "ಮನೆಗೆ ಎರಡೆರಡು ತಂದಿದ್ರೆ ಸಾಕಿತ್ತಲ್ಲ. ಕೈಗಾಡಿ ತುಂಬ ಯಾಕೆ?"

ಡೆಟ್‌ಲೆಫ್ ಅಂಗಳದ ಕಡೆ ನೋಡಿದ. "ಈ ಊರಲ್ಲಿ ಕೊನೇ ಸಲ ಒಡೆದದ್ದು ನನ್ನ ಮಗಳ ಮದುವೆಗೆ. ಅವಳ ಮಗನೇ ಈಗ ಮೀಸೆ ಬೋಳಿಸ್ತಾನೆ. ಆಮೇಲೆ ಹುಡುಗ ಹುಡುಗಿಯರೆಲ್ಲ ಕೆಲಸ ಹುಡುಕ್ಕೊಂಡು ಪಶ್ಚಿಮಕ್ಕೆ ಹೋದ್ರು, ಮದುವೆನೂ ಅಲ್ಲೇ ಆದ್ರು. ನಾವು ಒಡಕು ತಟ್ಟೆ ಬಿಸಾಕದೆ ಅಟ್ಟದ ಮೇಲೆ ಇಟ್ಕೊಂಡೇ ಬಂದ್ವಿ, ಯಾವತ್ತಾದ್ರೂ ಮದುಮಗಳು ಸಿಗ್ತಾಳೆ ಅಂತ." ಅವನು ಖಾಲಿ ಗ್ಲಾಸನ್ನು ಮೇಜಿನ ಮೇಲಿಟ್ಟ. "ನೀವು ಮನೆ ಮಾರ್ತೀರಂತೆ. ಹನ್ನೆಲೋರೆ ಹೇಳಿದ್ಲು. ಹಾಗಾದ್ರೆ ಇದೇ ಕೊನೇ ಮದುವೆ, ಇನ್ನು ಇಟ್ಕೊಂಡು ಏನು ಮಾಡೋದು ಅಂತ ಇದ್ದದ್ದೆಲ್ಲ ತಂದ್ವಿ."

ಕೊನೆಯ ಮಾತು ಹೇಳುವಾಗ ಕಲಿನಾ ಅಪ್ಪನ ಮುಖ ನೋಡಲಿಲ್ಲ. "ಹನ್ನೆಲೋರೆಗೆ ನಾನೇ ಹೇಳಿದ್ದು, ಮದುವೆ ವಿಷಯನೂ ಸೇರಿಸಿ," ಎಂದಳು. "ಬಸ್ ನಿಲ್ದಾಣದಲ್ಲಿ. ಅಳು ಬಂದಿತ್ತು, ಏನಾಯ್ತು ಅಂತ ಕೇಳಿದ್ರು."

ಝೆನೊನ್ ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಆಚೆ ಬೊಝೆನಾ ಸೌಟು ಹಿಡಿದು ನಿಂತಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ರಸ್ತೆಯಲ್ಲಿ ಒಬ್ಬ ಮುದುಕ ಕೈಗಾಡಿಯಿಂದ ನೀಲಿ ಹೂವಿನ ದೊಡ್ಡ ಬೋಗುಣಿಯೊಂದನ್ನು ಎತ್ತಿ ಹಿಡಿದು, ಎಲ್ಲಿ ಒಗೆಯಲಿ ಎಂದು ಜಾಗ ನೋಡುತ್ತಿದ್ದ.

ಝೆನೊನ್ ಎದ್ದು ನಿಂತ. "ಏ, ಅವನಿಗೆ ಹೇಳು ಕಲಿನಾ, ಅದನ್ನ ಒಡೀಬೇಡ ಅನ್ನು. ವಾಪಸ್ ಅಟ್ಟಕ್ಕೆ ಇಡಲಿ. ಎಲ್ಲಾ ಇವತ್ತೇ ಮುಗಿಸಿಬಿಟ್ರೆ ನಿನ್ನ ಮದುವೆಗೆ ಏನು ಒಡೀತಾರೆ ಇವರು?"