ಮುಂದಕ್ಕೆ ಬಾಗಿದ ಬೆನ್ನು

ಆ ಬೆನ್ನು, ಹಸಿರು ಕುಪ್ಪಸದ ಬೆನ್ನು, ಆಸ್ಪತ್ರೆಯ ಮಂಚದ ಅಂಚಿನಲ್ಲಿ ದಿಂಬು ಅವಚಿಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದಾಳೆ ಸಂಗವ್ವ, ಇಷ್ಟು ದಣಿದವಳು ಯಾಕೆ ಮಲಗುತ್ತಿಲ್ಲ — ನರ್ಸಿಂಗ್ ಮೂರನೇ ವರ್ಷದ ಶಗುಫ್ತಾ ಬಿ.ಪಿ. ಪಟ್ಟಿ ಸುತ್ತುತ್ತಿದ್ದಾಳೆ, ಮನಸ್ಸು ಮಾತ್ರ ಆ ಬೆನ್ನು ಬಿಟ್ಟು ಕದಲದು, ಬರೀ ಆಸಿಡಿಟಿ, ಇಸಿಜಿ ಸರಿ ಇದೆ, ಇಂಜೆಕ್ಷನ್ ಆದ ಮೇಲೆ ಮನೆಗೆ ಕಳಿಸಿ ಎಂದು ಡಾಕ್ಟರು ಹೇಳಿ ಹೋದರು, ಗಂಡ ಸಿದ್ದಪ್ಪ ಖಾನಾಪುರಕ್ಕೆ ಹೊರಡಲು ಚೀಲ ಕಟ್ಟಿದ್ದಾನೆ, ಹೊಟ್ಟಿನೋವು ಅಂದ್ರ ಹೊಕ್ಕಳ ಸರದೈತ್ರಿ, ಅತ್ತಿ ಎಣ್ಣಿ ಹಚ್ಚಿ ತಿಕ್ಕಿದ್ಲು, ಇನ್ನೊಮ್ಮೆ ತಿಕ್ಕಿಸಿದರ ಆತು ಅನ್ನುತ್ತಾನೆ, ಖಾಸಬಾಗದ ತನ್ನ ಮನೆಯಲ್ಲಿ ಅಜ್ಜಿ, ನಾನಿಯೂ ಹೀಗೇ ತಿಕ್ಕುತ್ತಾಳೆ, ಬೆಚ್ಚಗಿನ ಎಣ್ಣೆ, ಮೆತ್ತಗಿನ ಹೆಬ್ಬೆರಳು, ಇಲ್ಲಿ ಮಾತ್ರ ಒತ್ತಬಾರದು, ಯಾಕೆಂದರೆ — ಜಠರದ ಹಿಂದೆ ಅಡ್ಡ ಮಲಗಿದ ಮೇದೋಜೀರಕ ಗ್ರಂಥಿ, ಅದಕ್ಕೆ ಉರಿಯೂತವಾದರೆ ಮಲಗಿದಷ್ಟೂ ನೋವು, ಬಾಗಿದರೆ ತುಸು ಕಡಿಮೆ, ಅಕ್ಕಾ, ನೋವು ಬೆನ್ನಿಗೂ ಹೊಡಿತೈತೇನ್ರಿ ಎಂದು ಕೇಳಿದಳು, ಬೆನ್ನಾಗ ಗೂಟ ಬಡದಂಗ ಆಗತೈತವ್ವಾ, ವಾಂತಿ ಆದ್ರೂ ಹಗುರ ಆಗವಲ್ಲದು, ಹೋದ ವರ್ಷ ಪಿತ್ತಕೋಶದಲ್ಲಿ ಹರಳಿದೆ ಅಂದಿದ್ದರಂತೆ, ಇಲ್ಲಿ ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ, ಆ ಹರಳು ಜಾರಿ ನಾಳ ಕಟ್ಟಿದ್ದರೆ, ಇವಳನ್ನು ಹೀಗೇ ಕಳಿಸಿದರೆ —

ಸಿದ್ದಪ್ಪ ಗಂಜಿಯ ಡಬ್ಬಿ ತೆರೆದ, ಎಷ್ಟು ಅಕ್ಕರೆಯಿಂದ ಊದಿ ಊದಿ ಆರಿಸುತ್ತಾನೆ, ಒಂದ ಚಮಚಾ ಕುಡಿ ಅನ್ನುತ್ತಾನೆ, ಶಗುಫ್ತಾಳ ಕೈ ತಾನಾಗಿ ಚಮಚಕ್ಕೆ ಅಡ್ಡ ಹೋಯಿತು, ಕಾಕಾ, ಡಾಕ್ಟರ್ ಮತ್ತ ನೋಡೂತನಕ ಏನೂ ಕೊಡಬ್ಯಾಡ್ರಿ, ಹೇಳಿಬಿಟ್ಟೆನಲ್ಲ, ಡಾಕ್ಟರ ಮಾತಿನ ಮೇಲೆ ನನ್ನ ಮಾತು, ತಪ್ಪಾಗಿದ್ದರೆ ಎಲ್ಲರೂ ನಗುತ್ತಾರೆ, ಪಕ್ಕದಲ್ಲೇ ಕೇಳಿಸಿಕೊಂಡ ವಾರ್ಡಿನ ಹಿರಿಯ ನರ್ಸ್ ಪೂನಮ ಸಿಸ್ಟರ್ ನಗಲಿಲ್ಲ, ಡಾಕ್ಟರಿಗೆ ಫೋನ್ ಹಚ್ಚಿ ಇವಳ ಕಿವಿಗೇ ಹಿಡಿದರು, ನೀ ಕಂಡದ್ದಷ್ಟ ಹೇಳವಾ, ರೋಗದ ಹೆಸರು ಅವರು ಹೇಳ್ತಾರ, ಹೇಳಿದಳು, ಬಾಗಿದ ಬೆನ್ನು, ಗೂಟದ ನೋವು, ಹರಳು, ಆ ಕಡೆಯಿಂದ ಲೈಪೇಸ್‌ಗೆ ರಕ್ತ ಕಳಿಸ್ರಿ, ಬಂದೆ ಎಂಬ ದನಿ, ಇನ್ನು ಕಾಯುವುದು, ಲೈಪೇಸ್, ಆ ಗ್ರಂಥಿಯ ಕಿಣ್ವ, ರಕ್ತದಲ್ಲಿ ಮಾಮೂಲಿನ ಮೂರು ಪಟ್ಟು ದಾಟಿದರೆ, ಆ ನೋವೂ ಈ ರಕ್ತವೂ ಒಂದೇ ಮಾತು ಹೇಳಿದರೆ ಅದೇ ರೋಗ, ದಾಟಿತ್ತು, ಎಷ್ಟೋ ದಾಟಿತ್ತು, ಹೊತ್ತಿಗೆ ಸಿಕ್ಕಿತು ಎಂದರು ಡಾಕ್ಟರು, ನಾನೇ ಹರಳಿನದು ಕೇಳಬೇಕಿತ್ತು ಎಂದೂ ಅಂದರು, ಸಲಾಯಿನ್ ಹನಿಯುತ್ತಿದೆ, ನೋವಿಗೆ ಮದ್ದು ಹೋಗಿದೆ, ಹರಳು ನೋಡಲು ಸ್ಕ್ಯಾನಿಂಗ್ ಆಗಬೇಕು, ಸಿದ್ದಪ್ಪ ಡಬ್ಬಿ ಹಿಡಿದು ಬಂದ, ಹಂಗಾರ ನೀ ಆದ್ರೂ ಕುಡಿಯವ್ವಾ, ಮುಂಜಾನಿಂದ ನಿಂತೀ, ಕುಡಿಯಲೇ, ಆಮೇಲೆ, ಮೊದಲು ಉಸಿರು ಎಣಿಸಬೇಕು, ನಾಡಿ ನೋಡಬೇಕು, ಸಂಗವ್ವನ ಕೈ ದಿಂಬಿನ ಮೇಲೆ ಸಡಿಲಾಗಿದೆ, ಮತ್ತೆ ಬೆನ್ನು, ಆ ಹಸಿರು ಬೆನ್ನು, ತಲೆಯ ಬದಿ ಎತ್ತರಿಸಿದ ಮಂಚಕ್ಕೆ ತುಸುವೇ, ಇನ್ನೂ ತುಸು, ಒರಗುತ್ತಿರುವ ಬೆನ್ನು