ಗುರುವಾರದ ಗೂಟ

ಥಾಂಗ್‌ಗೆ ಒಂದು ಕಡೆ ಕೂತು ಗೊತ್ತಿಲ್ಲ. ವಿಯೆಟ್ನಾಂನಿಂದ ಬಂದವನು ಮೂರು ತಿಂಗಳು ನಮ್ಮ ರಾಜಧಾನಿ ಅಕ್ರಾದ ಕಚೇರಿಗಳನ್ನು ಸುತ್ತಿ ಕಂಪನಿ ನೋಂದಾಯಿಸಿ, ಈಗ ವೆಂಚಿ ಪೇಟೆ ಬಳಿಯ ನಮ್ಮೂರಲ್ಲಿ ಗೇರುಬೀಜದ ಕಾರ್ಖಾನೆಗೆ ಐವತ್ತು ವರ್ಷದ ಗುತ್ತಿಗೆ ಭೂಮಿಗಾಗಿ ಚಡಪಡಿಸುತ್ತಿದ್ದ. ಅವನನ್ನು ಊರಿಗೆ ಕರೆತಂದವಳು ನಾನು, ಕೊನಾಡು. ಕಾರ್ಖಾನೆ ಎದ್ದರೆ ಬೀಜ ಕೊಳ್ಳುವ ಉಸ್ತುವಾರಿ ನನ್ನದೆಂದು ಮಾತಾಗಿತ್ತು. ಇಪ್ಪತ್ತು ವರ್ಷ ಕಂಡವರ ತಕ್ಕಡಿ ಹಿಡಿದು ನನಗೆ ಸಾಕಾಗಿತ್ತು.

ನಾನಾ, ಅಂದರೆ ನಮ್ಮ ದೊರೆ, ಜಾಗ ತೋರಿಸಿ ಸೋಮವಾರ ಸಹಿ ಹಾಕುತ್ತೇನೆ ಎಂದಿದ್ದರು. ಗಡಿಗೆ ಗೂಟ ಹೊಡೆಯಬೇಕಿದ್ದ ಅಳತೆಯವನು ಮಾತ್ರ ಗುರುವಾರ ಬಿಟ್ಟರೆ ಮುಂದಿನ ತಿಂಗಳೇ ಎಂದ.

"ಗುರುವಾರ ಯಾರೂ ಹೊಲಕ್ಕೆ ಹೋಗಲ್ವಲ್ಲ ಅಕ್ಕ, ನಾವು ಹೋಗ್ಬಹುದಾ?" ಥಾಂಗ್ ಕೇಳಿದ.

ಗುರುವಾರ ಭೂತಾಯಿ ಅಸಾಸೆ ಯಾ ಮಲಗುವ ದಿನ. ಅಂದು ಮಣ್ಣು ಕೆದಕಬಾರದೆಂದು ಇಲ್ಲಿನ ಮೊಲೆಗೂಸಿಗೂ ಗೊತ್ತು. ಆದರೆ ಬೀಜ ಉದುರುವ ಕಾಲ ತಲೆಯ ಮೇಲಿತ್ತು.

"ನಾಲ್ಕು ಗೂಟ ಹೊಡೆಯೋದು ಉಳುಮೆ ಏನಲ್ಲ ಕಣೋ. ಹೊಡಿ" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಗುರುವಾರವೇ ಗೂಟ ಬಿತ್ತು. ಶುಕ್ರವಾರ ಬೆಳಿಗ್ಗೆಯೇ ದೊರೆಯ ಅಂಗಳಕ್ಕೆ ಕರೆ ಬಂತು. ಅಲ್ಲಿ ನಾನಾ ಜೊತೆ ಯಾರೂ ನೇರವಾಗಿ ಮಾತಾಡುವಂತಿಲ್ಲ. ಕೋಲು ಹಿಡಿದ ವಕ್ತಾರನೇ ಮಾತು ದಾಟಿಸಬೇಕು. ನಮ್ಮ ಭಾಷೆ ಬಾರದ ಥಾಂಗ್‌ನ ಮಾತನ್ನು ವಕ್ತಾರನಿಗೆ ದಾಟಿಸಬೇಕಾದವಳು ನಾನು.

"ಪರದೇಶಿಗೆ ಕಣ್ಣು ದೊಡ್ಡದು, ಊರು ಮಾತ್ರ ಕಾಣಲ್ಲ," ಎಂದ ವಕ್ತಾರ. "ಕೇಳಿ ಎಡವಿದವನು ಅತಿಥಿ. ಕೇಳದೆ ಮುಟ್ಟಿದವನಿಗೆ ಇಲ್ಲಿ ನೆಲ ಇಲ್ಲ. ಇವನು ಯಾರನ್ನಾದ್ರೂ ಕೇಳಿದ್ನಾ ಅಂತ ನಾನಾ ಕೇಳ್ತಿದಾರೆ."

ಥಾಂಗ್‌ಗೆ ನಾನು ಕೊನೆಯ ಪ್ರಶ್ನೆಯಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ, ಸುಳ್ಳೇಕೆ. ಅವನು ಒಮ್ಮೆ ನನ್ನ ಮುಖ ನೋಡಿದ.

"ಯಾರನ್ನೂ ಕೇಳಲಿಲ್ಲ ಅನ್ನಿ. ತಪ್ಪು ನಂದೇ."

ನನ್ನನ್ನು ಉಳಿಸಲು ಹೊರಟಿದ್ದ ಪುಣ್ಯಾತ್ಮ. ಅದರ ಬೆಲೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ವಕ್ತಾರ ಕಾಯುತ್ತಿದ್ದ.

"ಕೇಳಿದ್ದ," ಎಂದೆ. "ನಾನೇ ಹೊಡಿ ಅಂದೆ."

ಹಿರಿಯರು ಒಳಗೆ ಹೋಗಿ ಮಾತಾಡಿಕೊಂಡು ಬಂದರು; ವಕ್ತಾರ ತೀರ್ಪು ಹೇಳಿದ. ಸೋಮವಾರ ಸಹಿ ಆಗುತ್ತದೆ. ಭೂತಾಯಿಯ ಕೋಪ ತಣಿಸಲು ಕುರಿ ನಾನು ಕೊಡಬೇಕು. ಆ ನೆಲದ ಮೇಲೆ ಇನ್ನು ನನ್ನ ಕಾಲು ಬೀಳಕೂಡದು.

"ಏನಂದ್ರು ಅಕ್ಕ?" ಥಾಂಗ್ ನನ್ನ ತೋಳು ಅಲುಗಿಸಿದ.

"ಜಾಗ ನಿಂದೇ ಅಂದ್ರು."

"ಹಾಗಾದ್ರೆ ಏಳಿ, ವೆಂಚಿಗೆ ಹೋಗೋಣ," ಎಂದು ಆಗಲೇ ಎದ್ದು ನಿಂತ. "ತಕ್ಕಡಿ ನೀವೇ ಆರಿಸ್ಬೇಕು."