ಬಲತೋಳಿನ ಕಿಟಕಿ

"ಜಗ್ಗಬ್ಯಾಡ್ರೇ, ಹರದೀತು!" ಎಂದು ಕಸ್ತೂರಮ್ಮ ಕೂಗುವುದಕ್ಕೂ ಹೊಸ ಕುಪ್ಪಸದ ಹೊಲಿಗೆ ಪರ್ರೆಂದು ಬಿಡುವುದಕ್ಕೂ ಸರಿಹೋಯಿತು.

ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿ ಮೈಲಮ್ಮನಿಗೆ ನೀರು ಹಾಕಿ ಆಗಿತ್ತು. ಎಡಗೈ ಹೇಗೋ ಕುಪ್ಪಸದ ತೋಳಿನೊಳಗೆ ಹೋಗಿತ್ತು. ಲಕ್ವ ಹೊಡೆದು ಎದೆಗೆ ಮಡಚಿಕೊಂಡಿದ್ದ ಬಲಗೈ, ಅವಳು ಬದುಕಿದ್ದಾಗಲೇ ಯಾರ ಮಾತೂ ಕೇಳಿರಲಿಲ್ಲ, ಈಗ ಕೇಳೀತೇ?

ಹರಿಹರದಿಂದ ಆ ಕುಪ್ಪಸ ತಂದಿದ್ದ ಮಗಳು ರೂಪಶ್ರೀ ಕಣ್ಣೊರೆಸಿಕೊಂಡಳು. "ಅಪ್ಪಾಜಿ ಅಂಗಿ ಹಾಕಿ ಮೇಲೆ ಸೆರಗು ಹೊದಿಸಿಬಿಡಾನ. ಕೈ ಬಿದ್ದಾಗಿಂದ ಅದನ್ನೇ ಹಾಕ್ತಿದ್ಲಲ್ಲ."

"ಅಂಗಿ ಬ್ಯಾಡ," ಎಂದಳು ಕೊಟ್ರವ್ವ.

ಕೊಟ್ರವ್ವ ಮೈಲಮ್ಮನ ನೆಗೆಣ್ಣಿ. ಮದುವೆಯಾಗಿ ಬಂದಾಗಿನಿಂದ ಒಂದೇ ಅಂಗಳದಲ್ಲಿ ಅವಳ ಜೊತೆ ಜಗಳವಾಡಿದವಳು. ಹೋದ ವಾರ ಮೈಲಮ್ಮ ಅವಳ ಕೈ ಹಿಡಿದು, "ಆವರಗೆರೆ ಹೆಂಗಸ್ರಿಗೆಲ್ಲ ಕುಬ್ಸ ಹೊಲದಾಕಿ ನಾನು. ಗಂಡಸ್ರ ಅಂಗ್ಯಾಗೆ ಕಳಿಸಬ್ಯಾಡ ಕಣೇ. ನಾ ಹೊಲದಿದ್ದೇ ಹಾಕು," ಎಂದಿದ್ದಳು. ಕೊಟ್ರವ್ವ "ಹೂಂ" ಅಂದುಬಿಟ್ಟಿದ್ದಳು. ನೆಗೆಣ್ಣಿಯ ಮಾತಿಗೆ ಅವಳ ಬಾಯಿಂದ ಬಂದ ಮೊದಲ ಹೂಂ ಅದು.

"ಮೈಲಕ್ಕನ ಟ್ರಂಕಿನಾಗಿರಾವೆಲ್ಲ ಬಿಗಿ ತೋಳಿನವು," ಎಂದಳು ಪಕ್ಕದ ಮನೆಯ ಕಸ್ತೂರಮ್ಮ. "ತೋಳಿಗೆ ಕತ್ರಿ ಹಾಕಾನೇನು?"

"ಆಕಿ ಹೊಲದಿದ್ದಕ್ಕೆ ಕತ್ರಿ ಹಾಕಿದ್ರೆ ಎದ್ದು ಕುಂತು ಬೈತಾಳೆ, ನೋಡು," ಎಂದಳು ಕೊಟ್ರವ್ವ.

"ಅದೂ ಖರೇವೇ. ಆಕಿ ತೋಳಿನಾಗೆ ಸೂಜಿಗೂ ಜಾಗ ಇರ್ತಿರಲಿಲ್ಲ. ನೆನಪೈತೇನ್ರೇ?"

ಅಳುತ್ತಿದ್ದವರು ಮೂಗೊರೆಸಿಕೊಂಡು ನಕ್ಕರು.

*

ಕೊರೊನಾ ಲಸಿಕೆ ಬಂದ ಹೊಸತು. ಆರೋಗ್ಯ ಕೇಂದ್ರದ ಕುರ್ಚಿಯವರೆಗೂ ಹೋದ ಹೆಂಗಸರು ಹಾಗೇ ವಾಪಸ್ಸು ಬರುತ್ತಿದ್ದರು. ಸೂಜಿಗೆ ಹೆದರಿದ್ದಾರೆಂದು ಆಟೋಗೆ ಮೈಕು ಕಟ್ಟಿ, "ಹೆದರಬೇಡಿ, ಹೆದರಬೇಡಿ" ಎಂದು ಓಣಿ ಓಣಿಯಲ್ಲಿ ಕೂಗಿಸಿದರು. ನಿಜ ಗೊತ್ತಿದ್ದದ್ದು ಮೈಲಮ್ಮನಿಗೆ. ಅವಳು ಹೊಲಿದ ಬಿಗಿ ತೋಳು ಮೇಲಕ್ಕೆ ಸರಿಯುತ್ತಿರಲಿಲ್ಲ. "ಹುಕ್ಕು ಬಿಚ್ಚಿ ಭುಜ ಜಾರಿಸ್ರಿ," ಎನ್ನುತ್ತಿದ್ದಳು ನರ್ಸ್ ನೇತ್ರಾವತಿ. ಹಿಂದಿನ ಸಾಲಿನಲ್ಲಿ ನೋಡಿದರೆ ಮಾವ, ಭಾವ, ಬೀಗರು.

"ಬೀಗ್ರ ಮುಂದೆ ಹುಕ್ಕು ಬಿಚ್ಚಾದಕ್ಕಿಂತ ಕೊರೊನಾನೇ ಬರ್ಲಿ ಬಿಡವ್ವ," ಎಂದು ಕಸ್ತೂರಮ್ಮ ಎದ್ದು ಬಂದಿದ್ದಳು.

ಮೈಲಮ್ಮ ಹಯಾತ್ ಸಾಬರ ಅಂಗಡಿಯ ಅರ್ಧ ಇಳಿಸಿದ ಷಟರಿನ ಕೆಳಗೆ ಕೈ ಚಾಚಿ ಟಿಚ್ ಬಟನ್ ತಂದಳು. ಎಡತೋಳನ್ನು ಅಂಚಿನಿಂದ ಭುಜದವರೆಗೆ ಸೀಳಿ, ಅಂಚು ಮಡಚಿ, ಬಟನ್ ಹಚ್ಚಿದಳು. ಎಳೆದರೆ ತೆರೆಯಿತು, ಒತ್ತಿದರೆ ಟಿಚ್ ಎಂದು ಮುಚ್ಚಿತು. ಓಣಿಯ ಹೆಂಗಸರು ಅದಕ್ಕೆ ಸೂಜಿ ಕಿಟಕಿ ಎಂದು ಹೆಸರಿಟ್ಟು, ಬೀಗರ ಎದುರೇ ಗತ್ತಿನಿಂದ ಕುಳಿತು ಚುಚ್ಚಿಸಿಕೊಂಡು ಬಂದರು.

ಎಲ್ಲರದೂ ಮುಗಿದ ಮೇಲೆ ಕೊಟ್ರವ್ವನದು ಹೊಲಿದಳು. ಕುರ್ಚಿಯಲ್ಲಿ ಕುಳಿತಾಗ ನೋಡಿದರೆ ಕಿಟಕಿ ಬಲತೋಳಿನಲ್ಲಿದೆ!

"ನೀ ನನ್ನೆದುರು ನಿಂತಿದ್ದೆ. ನನಗೆ ಅದೇ ಎಡ," ಎಂದಳು ಜೊತೆಗೆ ಬಂದಿದ್ದ ಮೈಲಮ್ಮ.

"ಬೇಕಂತಲೇ ಮಾಡೀಯ!"

"ಬಲಕ್ಕೇ ಹಾಕ್ತೀನಿ ಬಿಡ್ರಿ," ಎಂದಳು ನೇತ್ರಾವತಿ.

ಬೈಗುಳ ಜೋರಾಗಿದ್ದಕ್ಕೆ ಕಾರಣ ಬೇರೆ. ಆ ಓಣಿಯಲ್ಲಿ ಸೂಜಿಗೆ ನಿಜವಾಗಿ ಹೆದರಿದವಳು ಕೊಟ್ರವ್ವ ಒಬ್ಬಳೇ. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಚುಚ್ಚಿದ ಮೇಲೆ ಅವಳ ಕೈ ನಡುಗಿ, ಒತ್ತಿಕೊಂಡಿದ್ದ ಹತ್ತಿ ಜಾರಿತು. ಮೈಲಮ್ಮ ಅದರ ಮೇಲೆ ತನ್ನ ಹೆಬ್ಬೆರಳು ಇಟ್ಟಳು.

"ಸಾಕು ಬಿಡಕ್ಕ."

"ಸುಮ್ನಿರು. ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡೀಬೇಕು."

ರಕ್ತ ಯಾವಾಗಲೋ ನಿಂತಿತ್ತು. ನಡುಕ ನಿಂತ ಮೇಲೆ ಮೈಲಮ್ಮ ಬೆರಳು ತೆಗೆದಳು.

ಮರುದಿನ ಚುಚ್ಚಿದ ನೋವಿಗೆ ಕೊಟ್ರವ್ವನ ಬಲಗೈ ಮೇಲೇಳಲಿಲ್ಲ. ಗಂಡ ಬಕ್ಕೇಶ ಮೊದಲ ಸಲ ರೊಟ್ಟಿ ತಟ್ಟಿದ. ಅಂಗಳದ ನಾಯಿ ಅದನ್ನು ಮೂಸಿ, ಅವನ ಮುಖ ನೋಡಿ ಹೊರಟುಹೋಯಿತು. ಆ ಸಿಟ್ಟಿಗೆ ಕುಪ್ಪಸ ಟ್ರಂಕಿನ ತಳ ಸೇರಿತು.

*

"ತಡೀರಿ," ಎಂದು ಕೊಟ್ರವ್ವ ಮನೆಗೆ ಹೋಗಿ ಅದನ್ನು ತಂದಳು. ನುಸಿಗುಳಿಗೆಯ ವಾಸನೆ ಹಿತ್ತಲೆಲ್ಲ ಹರಡಿತು.

"ಹಾಕ್ಕೊಂಡಿದ್ದಲ್ಲೇನೇ ಅದು? ಹೋಗೋರಿಗೆ ಹೊಸದು ಹಾಕ್ಬೇಕು," ಎಂದಳು ಕಸ್ತೂರಮ್ಮ.

"ಒಂದೇ ಸಲ ಹಾಕೇನಿ. ಅದೂ ಸರ್ಕಾರಿ ಕೆಲಸಕ್ಕೆ."

ರೂಪಶ್ರೀಗೆ ಅಳುವಿನ ನಡುವೆಯೇ ನಗು ಉಕ್ಕಿತು. "ಹಾಕು ಚಿಗವ್ವ."

ಬಟನ್ನುಗಳು ಸಾಲಾಗಿ ಬಿಚ್ಚಿಕೊಂಡವು. ಮಡಚಿದ ಬಲಗೈ, ಇದಕ್ಕೇ ಕಾದಿತ್ತೆಂಬಂತೆ, ತೆರೆದ ತೋಳಿನೊಳಗೆ ಕುಳಿತಿತು.

"ಮೈಗೆ ಸಡ್ಲ ಆತಲ್ಲೇ," ಎಂದಳು ಕಸ್ತೂರಮ್ಮ.

"ಬೈದ್ರೆ ನನಗೇ ಬೈಲಿ."

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದಾಗ ಮೈಲಮ್ಮನ ಗಂಡ ಹಾಲೇಶಪ್ಪ ದಿಟ್ಟಿಸಿ ನೋಡಿದ. "ಇದು ನಿಂದಲ್ಲೇನವ್ವ, ಕೊಟ್ರವ್ವ?"

"ಅಕ್ಕಂದೇ ಭಾವ. ತಪ್ಪಿ ನನ್ನ ಟ್ರಂಕಿನಾಗಿತ್ತು."

ಅಷ್ಟರಲ್ಲಿ ತುಕ್ಕು ಹಿಡಿದ ಬಟನ್ನೊಂದು ಟಿಚ್ ಎಂದು ಬಿಚ್ಚಿಕೊಂಡಿತು. ಕೊಟ್ರವ್ವ ಒತ್ತಿದಳು. ಮತ್ತೆ ಟಿಚ್. ಅವಳು ಪಕ್ಕದಲ್ಲಿ ಕುಳಿತು, ಆ ಕಿಟಕಿಯ ಮೇಲೆ ಹೆಬ್ಬೆರಳಿಟ್ಟಳು. ಹೊರಗೆ ಡೊಳ್ಳು ಶುರುವಾಯಿತು.

"ಏಳವ್ವ, ಎತ್ತಬೇಕು," ಎಂದ ಹೊರಲು ಬಂದವರಲ್ಲೊಬ್ಬ.

"ಸುಮ್ನಿರಪ್ಪ," ಎಂದಳು ಕೊಟ್ರವ್ವ, ಬೆರಳು ತೆಗೆಯದೆ. "ಇನ್ನೂ ಸ್ವಲ್ಪ ಹೊತ್ತು ಒತ್ತಿ ಹಿಡೀಬೇಕು."